ಕತ್ತರಿಯ ಷಡ್ಡಕ

ಹುಟ್ಟದೇ ಇದ್ದ ಮನುಷ್ಯನೊಬ್ಬನಿಂದ ಉಪಕಾರ ಪಡೆದವರು ಈ ಲೋಕದಲ್ಲಿ ಹೆಚ್ಚು ಜನ ಇರಲಾರರು. ಕತ್ತರಿ ಅಂಥವರಲ್ಲೊಬ್ಬ. ಅವನ ಮಗಳಿಗೆ ಈಗ ಮೂರು ವರ್ಷ. ಆ ಕೂಸು ಭೂಮಿಗೆ ಬಂದದ್ದರಲ್ಲಿ ಡಾಕ್ಟರಮ್ಮನ ಪಾಲು ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಪಾಲು ಕತ್ತರಿಯ ಷಡ್ಡಕನದೂ ಇದೆ. ಷಡ್ಡಕ ಇರಬೇಕಾದರೆ ಹೆಂಡತಿಗೆ ಒಬ್ಬ ಅಕ್ಕನೋ ತಂಗಿಯೋ ಇರಬೇಕು, ಆಕೆಗೊಬ್ಬ ಗಂಡ ಇರಬೇಕು. ಕತ್ತರಿಯ ಹೆಂಡತಿ ಅಪ್ಪ ಅಮ್ಮನಿಗೆ ಒಬ್ಬಳೇ ಮಗಳು. ತೊಡಕು ಶುರುವಾದದ್ದೇ ಅಲ್ಲಿ.

ಕತ್ತರಿ ಎಂಬುದು ಗಿರಾಕಿಗಳು ಇಟ್ಟ ಹೆಸರು. ಬಸ್ ಸ್ಟಾಪಿನ ಎದುರು ಇಪ್ಪತ್ತಾರು ವರ್ಷಗಳಿಂದ ಅವನ ಕಟಿಂಗ್ ಶಾಪ್ ಇದೆ: ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಕನ್ನಡಿ, ಹಿಂದೊಂದು ಬೆಂಚು. ಕುರ್ಚಿ ಎರಡಿದ್ದರೂ ಒಂದರ ಪಂಪು ಕೆಟ್ಟು, ಅದರಲ್ಲಿ ಕೂತವರು ನಿಧಾನಕ್ಕೆ ನೆಲದ ಕಡೆ ಇಳಿಯುತ್ತಿದ್ದುದರಿಂದ ಅದನ್ನು ಪೇಪರ್ ಓದುವವರಿಗೆ ಬಿಟ್ಟಿದ್ದ. ಮುಖಕ್ಕೆ ಮುಖ ಕೊಟ್ಟು ಹೇಳಲಾಗದ್ದನ್ನು ಜನ ಕನ್ನಡಿಯಲ್ಲಿ ನೋಡಿಕೊಂಡು ಸಲೀಸಾಗಿ ಹೇಳಿಬಿಡುತ್ತಾರೆ ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು. ಒಮ್ಮೆ ಒಬ್ಬ ಗಿರಾಕಿ ಅರ್ಧ ಗಡ್ಡ ಆಗುವಷ್ಟರಲ್ಲಿ ತನ್ನ ಮೂರು ಮೋಸಗಳನ್ನು ಒಪ್ಪಿಕೊಂಡು, ಇನ್ನರ್ಧಕ್ಕೆ ಹೇಳಲು ಏನೂ ಉಳಿಯದೆ, ಪಕ್ಕದ ಮನೆಯವನ ಮೋಸವನ್ನೂ ತನ್ನದೇ ಎಂದು ಹೇಳಿ ಮುಖ ಒರೆಸಿಕೊಂಡು ಹೋಗಿದ್ದ. ಹೀಗೆ ಊರಿನವರ ಗುಟ್ಟನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡಿದ್ದ ಕತ್ತರಿ ತನ್ನದೊಂದು ಗುಟ್ಟನ್ನು ಮಾತ್ರ ನಾಲ್ಕು ವರ್ಷದಿಂದ ಯಾವ ಕನ್ನಡಿಗೂ ಹೇಳಿರಲಿಲ್ಲ.

ಗುಟ್ಟು ಇಷ್ಟೇ. ಮದುವೆಯಾಗಿ ಏಳು ವರ್ಷ ಮಕ್ಕಳಾಗದಿದ್ದಾಗ ಒಬ್ಬ ಡಾಕ್ಟರು ಗಂಡ ಹೆಂಡತಿ ಇಬ್ಬರಿಗೂ ಟೆಸ್ಟ್ ಬರೆದುಕೊಟ್ಟಿದ್ದರು. ಹೆಂಡತಿ ತನ್ನವನ್ನು ಒಂದೂ ಬಿಡದೆ ಮಾಡಿಸಿಕೊಂಡಳು. ಕತ್ತರಿಯೂ ಲ್ಯಾಬಿಗೆ ಹೋದ. ಕೌಂಟರಿನಾಕೆ ಜನ ತುಂಬಿದ ಹಾಲ್‌ನಲ್ಲಿ ಅವನ ಹೆಸರನ್ನು ಕೂಗಿ ಕರೆದು, ಆ ಹೆಸರನ್ನೇ ದಪ್ಪಕ್ಷರದಲ್ಲಿ ಬರೆದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೈಗಿಟ್ಟು, ಬಲಗಡೆ ಮೂರನೇ ಬಾಗಿಲು ಎಂದಳು. ಬಲಗಡೆ ಮೂರನೇ ಬಾಗಿಲಿಗೂ ರಸ್ತೆಯ ಬಾಗಿಲಿಗೂ ಇದ್ದ ದೂರ ಒಂದೇ. ಕತ್ತರಿಯ ಕಾಲುಗಳು ರಸ್ತೆಯನ್ನು ಆರಿಸಿಕೊಂಡವು. ಎರಡು ಗಂಟೆ ಸುಮ್ಮನೆ ಬೀದಿ ಅಲೆದು ಮನೆಗೆ ಹೋಗಿ, "ಎಲ್ಲಾ ನಾರ್ಮಲ್ ಅಂದ್ರು" ಅಂದ. ಡಬ್ಬಿಯನ್ನು ಎಸೆಯಲು ಮನಸ್ಸಾಗದೆ ಅಂಗಡಿಯಲ್ಲಿ ಬ್ಲೇಡು ಹಾಕಿಡಲು ಇಟ್ಟುಕೊಂಡ. ಒಳ್ಳೇ ಗಟ್ಟಿ ಡಬ್ಬಿ.

ಹೆಂಡತಿಗೆ ಆಗ ಮೂವತ್ತೇಳು. ಆಕೆ ತೂಕ ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಹಿತ್ತಾಳೆಯ ತೂಕದ ಬೊಟ್ಟುಗಳ ಮರದ ಪೆಟ್ಟಿಗೆ ಹಿಡಿದು ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷೆ ಮಾಡುವುದು ಕೆಲಸ. ಬೀದಿ ತುದಿಯಲ್ಲಿ ಅವಳ ಸೀರೆಯ ಸೆರಗು ಕಂಡರೆ ಸಾಕು, ಮಾರ್ಕೆಟ್ಟಿನ ಅರ್ಧ ತಕ್ಕಡಿಗಳು ತಾವಾಗಿಯೇ ಸರಿಯಾಗಿಬಿಡುತ್ತವೆ ಎಂಬ ಮಾತಿತ್ತು. ಇನ್ಸ್‌ಪೆಕ್ಟರಮ್ಮ ಆ ವರ್ಷ ಗಂಡನಿಗೆ ಹೇಳಿಬಿಟ್ಟಳು: ತನ್ನ ಅಂಡಾಣುಗಳು ವಯಸ್ಸಿಗಿಂತ ಬೇಗ ಕಮ್ಮಿಯಾಗುತ್ತಿವೆ ಎಂದು ರಕ್ತದ ಟೆಸ್ಟ್ ಹೇಳುತ್ತಿದೆ, ಇನ್ನು ವರ್ಷಗಟ್ಟಲೆ ಯೋಚಿಸಲು ಪುರುಸೊತ್ತಿಲ್ಲ, ಒಳ್ಳೇ ಕ್ಲಿನಿಕ್ ಒಂದನ್ನು ಹುಡುಕಿ ಶುರು ಮಾಡೋಣ. ನೀವು ಅಂಗಡಿಯಲ್ಲಿ ನಾಲ್ಕು ಜನರನ್ನು ವಿಚಾರಿಸಿ, ನಾನು ಹೋಗಿ ನೋಡಿಕೊಂಡು ಬರುತ್ತೇನೆ.

ಒಳ್ಳೇದನ್ನು ಹುಡುಕುವುದು ಸುಲಭವಿರಲಿಲ್ಲ. ಆ ನಗರದಲ್ಲಿ ಬಸ್ಸಿನ ಬೆನ್ನಿಗೊಂದು, ಫ್ಲೈಓವರಿನ ಕಂಬಕ್ಕೊಂದರಂತೆ ದುಂಡನೆಯ ಮಗುವಿನ ಬೋರ್ಡುಗಳಿದ್ದವು. ನಿಜವಾದ ಮಕ್ಕಳಿಗಿಂತ ಬೋರ್ಡಿನ ಮಕ್ಕಳೇ ಹೆಚ್ಚಾಗಿ, ಕೊನೆಕೊನೆಗೆ ಸ್ಕೂಲಿನಲ್ಲಿ ಸೀಟು ಸಿಗುವುದು ಕಷ್ಟವಾದದ್ದಕ್ಕೆ ಅವೇ ಕಾರಣವಿರಬೇಕು ಎಂದು ಕತ್ತರಿಗೆ ಅನುಮಾನವಿತ್ತು.

ವಿಚಾರಿಸುವುದು ಹೇಗೆ? ನನಗೆ ಬೇಕು ಎಂದು ಕೇಳಲು ನಾಲಿಗೆ ಏಳಲಿಲ್ಲ. ಒಂದು ಬೆಳಿಗ್ಗೆ ಪೋಸ್ಟ್ ಮಾಸ್ತರ ಕೆನ್ನೆಗೆ ನೊರೆ ಹಚ್ಚುತ್ತ, ಕನ್ನಡಿಯ ಕಡೆ ನೋಡದೆ, ನನ್ನ ಷಡ್ಡಕನೊಬ್ಬನಿದ್ದಾನೆ, ಪಾಪ, ಅವನಿಗೆ ಮಕ್ಕಳಾಗಿಲ್ಲ, ಒಳ್ಳೇ ಕ್ಲಿನಿಕ್ ಯಾವುದಿದೆ ಸಾರ್ ಎಂದು ಕೇಳಿದ. ಗೆಳೆಯ ಎನ್ನಬಹುದಿತ್ತು, ಚಿಕ್ಕಪ್ಪನ ಮಗ ಎನ್ನಬಹುದಿತ್ತು. ಬಾಯಿಗೆ ಬಂದದ್ದು ಷಡ್ಡಕ.

ಪೋಸ್ಟ್ ಮಾಸ್ತರು ರಿಟೈರಾಗಿ ಎಂಟು ವರ್ಷವಾಗಿತ್ತು. ಅವರ ಕೈಗೆ ಸಿಕ್ಕ ಸುದ್ದಿ ಮಾತ್ರ ಈಗಲೂ ಅದೇ ದಿನ ಎಲ್ಲ ವಿಳಾಸಗಳಿಗೂ ಮುಟ್ಟುತ್ತಿತ್ತು. ವಾರದೊಳಗೆ ಬೆಂಚಿನ ಮೇಲೆ ಕೂತವರೆಲ್ಲ ಕತ್ತರಿಯ ಷಡ್ಡಕನ ಬಗ್ಗೆ ತಲೆ ಕೆಡಿಸಿಕೊಂಡಿದ್ದರು. ಒಬ್ಬರು ತಮ್ಮ ಸೊಸೆಯ ಗೆಳತಿ ಹೋದ ಕ್ಲಿನಿಕ್ ಹೇಳಿದರು. ಇನ್ನೊಬ್ಬರು ಅದೇ ಕ್ಲಿನಿಕ್ಕಿನ ಹೆಸರು ಕೇಳಿ ಕಿವಿ ಮುಚ್ಚಿಕೊಂಡರು. ಷಡ್ಡಕನಿಗೆ ಏನು ವಯಸ್ಸು, ಎಲ್ಲಿ ಕೆಲಸ, ಸಿಗರೇಟು ಉಂಟೋ ಎಂದು ಕೇಳುವವರಿಗೆ ಕತ್ತರಿ ಉತ್ತರ ಕೊಡಲೇಬೇಕಾಯಿತು. ಹಾಗಾಗಿ ತಿಂಗಳು ತುಂಬುವುದರೊಳಗೆ ಷಡ್ಡಕನಿಗೆ ನಲವತ್ತೊಂದು ವರ್ಷ, ಇನ್ಶೂರೆನ್ಸ್ ಕಂಪನಿಯಲ್ಲಿ ನೌಕರಿ, ದಪ್ಪ ಮೀಸೆ ಮತ್ತು ಗ್ಯಾಸ್ಟ್ರಿಕ್ ತೊಂದರೆ ಬಂದವು. ಗ್ಯಾಸ್ಟ್ರಿಕ್ ಯಾಕೆ ಕೊಟ್ಟನೋ ಕತ್ತರಿಗೂ ಗೊತ್ತಿಲ್ಲ. ಒಬ್ಬ ಬಸ್ ಡ್ರೈವರಂತೂ ಷಡ್ಡಕನನ್ನು ತನ್ನ ಬಸ್ಸಿನಲ್ಲಿ ಕಂಡೆ, ಮನುಷ್ಯ ಸೊರಗಿ ಹೋಗಿದ್ದಾನೆ ಎಂದು ನಾಲ್ಕು ಜನರೆದುರು ಹೇಳಿದ. ಮೀಸೆ ಮಾತ್ರ ಹಾಗೇ ಇದೆಯಂತೆ.

ಹೀಗೆ ಷಡ್ಡಕನ ಹೆಸರಲ್ಲಿ ಸಂಗ್ರಹವಾದ ವಿಳಾಸಗಳನ್ನು ಕತ್ತರಿ ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಒಪ್ಪಿಸುತ್ತಿದ್ದ. ಕ್ಲಿನಿಕ್ಕಿಗೆ ಹೋಗುವಾಗ ಮಾತ್ರ ಅಂಗಡಿ ಬಿಟ್ಟು ಬರಲಾಗದು ಎಂದು ತಪ್ಪಿಸಿಕೊಳ್ಳುತ್ತಿದ್ದ. ಆಕೆ ಒಬ್ಬಳೇ ಹೋಗಿ ಬರುತ್ತಿದ್ದಳು.

ಮೊದಲನೆಯದು ಗಾಜಿನ ಕಟ್ಟಡ. ಕೆಳಗಿಂದ ಮೇಲಿನವರೆಗೆ ಗೋಡೆ ತುಂಬ ಮಕ್ಕಳ ಫೋಟೋ. ಕೌನ್ಸೆಲರ್ ಎಂಬ ಹುಡುಗಿ ನಗುನಗುತ್ತ, ನಮ್ಮಲ್ಲಿ ನೂರಕ್ಕೆ ಎಪ್ಪತ್ತೆಂಟು ಸಕ್ಸಸ್ ಎಂದಳು. ಇನ್ಸ್‌ಪೆಕ್ಟರಮ್ಮ, ಯಾವ ನೂರು ಎಂದು ಕೇಳಿದಳು. ಆ ಪ್ರಶ್ನೆಯನ್ನು ಆ ಕಟ್ಟಡದಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲವೆಂದು ತೋರುತ್ತದೆ. ಹುಡುಗಿ ಒಳಗೆ ಹೋಗಿ ದೊಡ್ಡವರನ್ನು ಕರೆತಂದಳು. ಅವರಿಂದ ಒಂದೊಂದಾಗಿ ಬಿಡಿಸಿಕೊಂಡಾಗ ತಿಳಿದದ್ದು: ಚಿಕಿತ್ಸೆ ಶುರು ಮಾಡಿದವರೆಲ್ಲ ಆ ನೂರರಲ್ಲಿಲ್ಲ, ಭ್ರೂಣವನ್ನು ಗರ್ಭದೊಳಗೆ ಇಡುವವರೆಗೆ ಬಂದವರು ಮಾತ್ರ ಇದ್ದಾರೆ. ಅಂಡಾಣು ಸಿಗದವರು, ಭ್ರೂಣ ಆಗದವರು ಮೊದಲೇ ಲೆಕ್ಕದಿಂದ ಹೊರಗೆ. ಆ ಎಪ್ಪತ್ತೆಂಟು ಕೂಡ ಮಕ್ಕಳಲ್ಲ, ರಕ್ತದ ಟೆಸ್ಟಿನಲ್ಲಿ ಪಾಸಿಟಿವ್ ಬಂದವರು. ಆಮೇಲೆ ನಿಂತಿತೋ ಹೋಯಿತೋ ಬೇರೆ ಮಾತು. ಅದರಲ್ಲೂ ಮುಕ್ಕಾಲು ಪಾಲು ಮೂವತ್ತರ ಒಳಗಿನವರು.

ಮನೆಗೆ ಬಂದು, "ಡಬ್ಬಿ ಸಮೇತ ತೂಗ್ತಾರೆ ಕಣ್ರೀ" ಅಂದಳು. ಆ ಕ್ಲಿನಿಕ್ ಅಲ್ಲಿಗೆ ಮುಗಿಯಿತು.

ಎರಡನೆಯ ಕಡೆ ಡಾಕ್ಟರು ಒಂದು ಪಟ್ಟಿ ಕೊಟ್ಟರು. ಭ್ರೂಣ ಅಂಟಿಕೊಳ್ಳಲು ಒಂದು ದ್ರವ, ಗರ್ಭದ ಒಳಪದರ ಕೆರೆಯಲು ಒಂದು ದಿನ, ಇನ್ನೂ ಏನೇನೋ. ಇದರಿಂದ ಮಗುವಾಗುವುದು ಹೆಚ್ಚುತ್ತದೆ ಎಂದು ಎಲ್ಲಿ ತೋರಿಸಿದ್ದಾರೆ ಎಂದು ಇವಳು ಕೇಳಿದ್ದಕ್ಕೆ ಡಾಕ್ಟರು ಪಟ್ಟಿ ನೋಡಿದರು, ಪಟ್ಟಿಯ ಹಿಂದಿನ ಪುಟ ನೋಡಿದರು, ಆಮೇಲೆ ಫ್ಯಾನು ನೋಡಿದರು.

ಮೂರನೆಯದನ್ನು ಹೇಳಿದವರು ಅಂಗಡಿಯ ಗಿರಾಕಿ ದನದ ಡಾಕ್ಟರು. ಪಶು ಇಲಾಖೆಯಲ್ಲಿ ಮೂವತ್ತು ವರ್ಷ ಹಸು ಎಮ್ಮೆಗಳಿಗೆ ಗಬ್ಬ ಕಟ್ಟಿಸಿ ರಿಟೈರಾದ ಮನುಷ್ಯ. ಕನ್ನಡಕದ ಅಂಗಡಿಯ ಮಹಡಿಯ ಮೇಲೆ ಒಬ್ಬ ಡಾಕ್ಟರಮ್ಮ ಇದ್ದಾರೆ, ಬೋರ್ಡು ಚಿಕ್ಕದು, ಮಾತು ಕಮ್ಮಿ, ಆದರೆ ಅವರ ಲ್ಯಾಬಿನಲ್ಲಿ ಭ್ರೂಣ ನೋಡಿಕೊಳ್ಳುವವರು ಹದಿನಾಲ್ಕು ವರ್ಷದಿಂದ ಬದಲಾಗಿಲ್ಲ, ಅದನ್ನು ನೋಡಿ ಹೋಗಬೇಕು ಎಂದರು. ಇನ್ಸ್‌ಪೆಕ್ಟರಮ್ಮ ಹೋದಳು. ಅದೇ ಪ್ರಶ್ನೆ ಕೇಳಿದಳು. ಡಾಕ್ಟರಮ್ಮ ಡ್ರಾಯರಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟು, ನಿಮ್ಮ ವಯಸ್ಸಿನ ನೂರು ಜನ ಮೊದಲ ಇಂಜೆಕ್ಷನ್ ತಗೊಂಡರೆ, ಒಂದು ಸುತ್ತಿನ ಚಿಕಿತ್ಸೆಯಲ್ಲಿ ಮಗು ಎತ್ತಿಕೊಂಡು ಮನೆಗೆ ಹೋಗುವವರು ನಮ್ಮಲ್ಲಿ ಇಪ್ಪತ್ತಾರು, ಉಳಿದ ಎಪ್ಪತ್ನಾಲ್ಕು ಜನಕ್ಕೆ ನಾನು ಕೆಟ್ಟ ಸುದ್ದಿ ಹೇಳಬೇಕಾಗುತ್ತದೆ ಎಂದರು. ಎಪ್ಪತ್ತೆಂಟು ಬಿಟ್ಟು ಇಪ್ಪತ್ತಾರನ್ನು ಆರಿಸಿಕೊಂಡು ಖುಷಿಯಿಂದ ಮನೆಗೆ ಬಂದ ಹೆಂಗಸು ಆ ನಗರದಲ್ಲಿ ಅವಳೊಬ್ಬಳೇ ಇರಬೇಕು.

"ಇವರೇ ಸರಿ," ಅಂದಳು. "ಆದ್ರೆ ನಿಮ್ಮ ರಿಪೋರ್ಟ್ ಬೇಕಂತೆ. ಅದಿಲ್ದೆ ಯಾವ ಚಿಕಿತ್ಸೆ ಅಂತ ಹೇಳೋಕಾಗಲ್ಲ ಅಂದ್ರು. ನಾಲ್ಕು ವರ್ಷದ ಹಿಂದಿನದು ಎಲ್ಲಿಟ್ಟಿದ್ದೀರಿ?"

ಕತ್ತರಿ ಹುಡುಕುತ್ತೇನೆ ಅಂದ. ಒಂದು ವಾರ ಬೀರು ಹುಡುಕಿದ, ಅಟ್ಟ ಹುಡುಕಿದ, ಹುಟ್ಟದ ರಿಪೋರ್ಟನ್ನು ಹುಡುಕಿ ಹುಡುಕಿ ಬೆವರು ಸುರಿಸಿದ. ದಿನ ಹೋಗುತ್ತಿತ್ತು.

ಅಂಗಡಿಯಲ್ಲೂ ವಿಷಯ ಅಲ್ಲಿಗೇ ಬಂದು ನಿಂತಿತು. ಒಂದು ಭಾನುವಾರ ಪೋಸ್ಟ್ ಮಾಸ್ತರು ಕುರ್ಚಿಯಲ್ಲಿ, ದನದ ಡಾಕ್ಟರು ಬೆಂಚಿನಲ್ಲಿ. ಷಡ್ಡಕನ ಟೆಸ್ಟ್ ಏನು ಬಂತು ಎಂದು ದನದ ಡಾಕ್ಟರು ಕೇಳಿದರು. ಕತ್ತರಿಗೆ ಏನನ್ನಿಸಿತೋ, ನಿಜವನ್ನೇ ಹೇಳಿದ. ಷಡ್ಡಕನ ಮೇಲೆ ಹಾಕಿ ಹೇಳಿದ. ಡಬ್ಬಿ ಹಿಡಿದು ಓಡಿ ಬಂದದ್ದು, ಹೆಂಡತಿಗೆ ನಾರ್ಮಲ್ ಎಂದದ್ದು, ನಾಲ್ಕು ವರ್ಷವಾದದ್ದು.

ಬೆಂಚಿಗೆ ಬೆಂಚೇ ಮುಂದಕ್ಕೆ ಬಾಗಿತು.

"ನೋಡು," ಅಂದರು ದನದ ಡಾಕ್ಟರು, "ಹಸು ಗಬ್ಬ ನಿಲ್ಲಲಿಲ್ಲ ಅಂದ್ರೆ ನಾವು ಮೊದಲು ಹೋರಿ ವೀರ್ಯಾನ ಮೈಕ್ರೋಸ್ಕೋಪ್ ಕೆಳಗೆ ಇಡ್ತಿದ್ವಿ. ಮಾನ ಹೋಯ್ತು ಅಂತ ಒಂದು ಹೋರಿನೂ ಇವತ್ತಿನವರೆಗೆ ಕಂಪ್ಲೇಂಟ್ ಕೊಟ್ಟಿಲ್ಲ. ಮಕ್ಕಳಾಗದೇ ಇರೋ ಮನೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಕಡೆ ಗಂಡಸಿನದೂ ಪಾಲಿರುತ್ತೆ. ಇರೋ ಟೆಸ್ಟಲ್ಲೆಲ್ಲ ಸುಲಭದ್ದು ಇದೇ. ಸೂಜಿ ಇಲ್ಲ, ನೋವಿಲ್ಲ."

ಪೋಸ್ಟ್ ಮಾಸ್ತರಿಗೆ ವಿಜ್ಞಾನ ಬೇಕಿರಲಿಲ್ಲ. ನೊರೆಯೊಳಗಿಂದಲೇ, "ನಿನ್ನ ಷಡ್ಡಕ ಹೇಡಿ ಕಣಯ್ಯ" ಅಂದರು.

"ಹೌದು ಸಾರ್," ಅಂದ ಕತ್ತರಿ.

"ಆ ಹೆಣ್ಣುಮಗಳು ತನ್ನದೇ ತಪ್ಪು ಅಂತ ಅಳ್ತಾ ಇರ್ತಾಳೆ. ಇವನು ಮೀಸೆ ತೀಡ್ಕೊಂಡು ಕೂತಿರ್ತಾನೆ."

"ಹೌದು ಸಾರ್."

"ಅವಳ ವಯಸ್ಸನ್ನ ತಿಂದ ಕಣೋ ಅವನು. ಕಳ್ಳತನ ಅದು. ಸಿಕ್ಕಿದ್ರೆ ನಾಲ್ಕು ಬಾರಿಸ್ತೀನಿ ಅಂತ ಹೇಳು."

ಮೂರನೆಯ ಹೌದು ಬರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕತ್ತರಿಯ ಕೈ ತಪ್ಪಿ ಗಿರಾಕಿಯ ಗದ್ದ ಕೊಯ್ದಿತು. ಸಣ್ಣ ಗಾಯ. ಪೋಸ್ಟ್ ಮಾಸ್ತರು ಮುಟ್ಟಿ ನೋಡಿಕೊಂಡು, ಷಡ್ಡಕನ ಮೇಲೆ ನಿನಗೂ ಕೋಪ ಬಂತು ನೋಡು, ಬರಲೇಬೇಕು ಎಂದು ಸಮಾಧಾನ ಹೇಳಿದರು.

ಅವತ್ತು ಸಂಜೆ ಹೇಳಿಬಿಡಬೇಕು ಎಂದುಕೊಂಡ. ಸೋಮವಾರ ಹೇಳೋಣ ಎಂದುಕೊಂಡ. ಸೋಮವಾರ ಹೇಳುವ ಅಗತ್ಯ ಬೀಳಲಿಲ್ಲ. ಆ ದಿನ ತರಕಾರಿ ಮಾರ್ಕೆಟ್ಟಿನಲ್ಲಿ ಒಂದು ತಕ್ಕಡಿಯ ಮುಂದೆ ಇನ್ಸ್‌ಪೆಕ್ಟರಮ್ಮ ಬೊಟ್ಟು ಇಡುತ್ತಿದ್ದಾಗ ಗದ್ದಕ್ಕೆ ಪ್ಲಾಸ್ಟರ್ ಹಾಕಿಕೊಂಡಿದ್ದ ಪೋಸ್ಟ್ ಮಾಸ್ತರು ಎದುರಾದರು. ಕತ್ತರಿಯ ಮನೆಯವರಲ್ಲವೇ ಎಂದು ನಮಸ್ಕಾರ ಮಾಡಿ, ತುಂಬಾ ಕಾಳಜಿಯಿಂದ, ನಿಮ್ಮ ತಂಗಿಯ ಯಜಮಾನರಿಗೆ, ಅದೇ ಆ ದಪ್ಪ ಮೀಸೆಯವರಿಗೆ, ಸ್ವಲ್ಪ ಬುದ್ಧಿ ಹೇಳಮ್ಮ, ಲ್ಯಾಬಿಂದ ಡಬ್ಬಿ ಹಿಡಿದುಕೊಂಡು ಓಡಿಬಂದು ನಾಲ್ಕು ವರ್ಷದಿಂದ ಆ ಹುಡುಗಿಗೆ ಸುಳ್ಳು ಹೇಳುತ್ತಿದ್ದಾರಂತೆ ಎಂದರು. ಇಲ್ಲದ ತಂಗಿ, ಇಲ್ಲದ ತಂಗಿಯ ಗಂಡ, ಬೀರುವಿನಲ್ಲಿ ಸಿಗದ ರಿಪೋರ್ಟು. ಅವಳು ಕೂಡಿಸಿ ಲೆಕ್ಕ ಹಾಕುವುದಕ್ಕೆ ಎಷ್ಟು ಹೊತ್ತು ಬೇಕು? ಆ ತರಕಾರಿಯವನು ಹೇಳುವ ಪ್ರಕಾರ, ತಪ್ಪು ತೂಗುತ್ತಿದ್ದ ತನ್ನ ತಕ್ಕಡಿಯನ್ನು ಇನ್ಸ್‌ಪೆಕ್ಟರಮ್ಮ ಏನೂ ಅನ್ನದೆ ಬಿಟ್ಟು ಹೋದದ್ದು ಅದೊಂದೇ ಸಲ.

ಸಂಜೆ ಆರಕ್ಕೆ ಕತ್ತರಿ ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಬೊಟ್ಟಿನ ಪೆಟ್ಟಿಗೆ ಕಾಲ ಹತ್ತಿರ ಇತ್ತು.

"ನನ್ನ ತಂಗಿ ಹೇಗಿದ್ದಾಳೆ?" ಅಂದಳು.

ಕತ್ತರಿ ಚಪ್ಪಲಿ ಬಿಡಲಿಕ್ಕೆ ಹೋದವನು ಒಂದನ್ನು ಬಿಟ್ಟು ಇನ್ನೊಂದನ್ನು ಮರೆತ.

"ಅವಳ ಗಂಡನಿಗೆ ದಪ್ಪ ಮೀಸೆಯಂತೆ. ನನ್ನ ಮದುವೇಲಿ ನೋಡಿದ ನೆನಪಿಲ್ಲ."

ಅವನು ಹೇಳಿದ. ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ಲ್ಯಾಬಿನ ಹಾಲ್, ಕೂಗಿದ ಹೆಸರು, ಮೂರನೇ ಬಾಗಿಲು, ಬ್ಲೇಡಿನ ಡಬ್ಬಿ ಎಲ್ಲ ಹೇಳಿದ. ಕನ್ನಡಿ ಇರಲಿಲ್ಲ, ಮುಖ ನೋಡಿಯೇ ಹೇಳಬೇಕಾಯಿತು. ಮುಗಿದ ಮೇಲೆ ಅವಳು ಬೊಟ್ಟಿನ ಪೆಟ್ಟಿಗೆಯನ್ನು ಕಾಲಿಂದ ಪಕ್ಕಕ್ಕೆ ಸರಿಸಿದಳು.

"ಪ್ರತಿ ತಿಂಗಳೂ ನಾನು ನಿಮ್ಮ ಹತ್ರ ಕ್ಷಮೆ ಕೇಳಿದ್ದೀನಿ. ನನ್ನಿಂದ ಹೀಗಾಯ್ತು ಅಂತ. ನೀವು ಪ್ರತಿ ತಿಂಗಳೂ 'ಪರವಾಗಿಲ್ಲ ಬಿಡು' ಅಂದಿದ್ದೀರಿ."

ಕತ್ತರಿ ಅಲ್ಲೇ ಹೊಸ್ತಿಲ ಮೇಲೆ ಕೂತ. ಅವಳು ಎದ್ದು ಒಲೆ ಹಚ್ಚಿ ಅನ್ನಕ್ಕಿಟ್ಟಳು, ಎರಡು ಜನಕ್ಕಾಗುವಷ್ಟೇ ಇಟ್ಟಳು. ಆ ಇನ್ನೊಂದು ಪಾಲನ್ನು ನೋಡಿ ಅವನಿಗೆ ಉಸಿರು ಬಂತು.

ಆಮೇಲೆ ಮೂರು ದಿನ ಅವಳು ಗಂಡನ ಜೊತೆ ಮಾತು ಬಿಟ್ಟಳು. ಹೇಳಬೇಕಾದ್ದನ್ನೆಲ್ಲ ಷಡ್ಡಕನ ಮೂಲಕ ಹೇಳುತ್ತಿದ್ದಳು. "ನಿಮ್ಮ ಷಡ್ಡಕರಿಗೆ ಹೇಳಿ, ಲ್ಯಾಬು ಬೆಳಿಗ್ಗೆ ಏಳಕ್ಕೆ ತೆಗೆಯುತ್ತೆ." "ನಿಮ್ಮ ಷಡ್ಡಕರು ಬಟ್ಟೆ ಒಣಗಿಸಿಲ್ಲ." ಟೆಸ್ಟಿಗೆ ಮೊದಲು ಎರಡರಿಂದ ಏಳು ದಿನ ಗಂಡ ಹೆಂಡತಿ ಸೇರಬಾರದು ಎಂಬ ನಿಯಮ ಲ್ಯಾಬಿನವರದು. ಅದನ್ನು ಪಾಲಿಸಲು ಕತ್ತರಿ ವಿಶೇಷ ಶ್ರಮ ಪಡಬೇಕಾಗಲಿಲ್ಲ.

ನಾಲ್ಕನೆಯ ದಿನ ಲ್ಯಾಬಿಗೆ ಅವಳೂ ಬಂದಳು. ಹಾಲ್‌ನಲ್ಲಿ ರಸ್ತೆಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಎಳೆದುಕೊಂಡು ಕೂತು, "ಹೋಗಿ ಬನ್ನಿ, ಈ ಕಡೆಯಿಂದ ದಾರಿ ಇಲ್ಲ" ಅಂದಳು. ನಾಲ್ಕು ದಿನದಲ್ಲಿ ಷಡ್ಡಕನನ್ನು ಬಿಟ್ಟು ನೇರವಾಗಿ ಗಂಡನಿಗೇ ಆಡಿದ ಮೊದಲ ಮಾತು ಅದು. ಕತ್ತರಿಗೆ ಕಣ್ಣು ತುಂಬಿ ಬಂತು. ಡಬ್ಬಿ ಹಿಡಿದು ಕಣ್ಣೊರೆಸಿಕೊಳ್ಳುತ್ತ ಆ ಕೋಣೆಗೆ ಹೋದ ಗಂಡಸು ಲ್ಯಾಬಿನ ಚರಿತ್ರೆಯಲ್ಲೇ ಅವನೊಬ್ಬ ಎಂದು ಕೌಂಟರಿನಾಕೆ ಅಂದುಕೊಂಡಿರಬೇಕು.

ರಿಪೋರ್ಟು ನಾರ್ಮಲ್ ಇರಲಿಲ್ಲ. ಒಂದು ಎಂ.ಎಲ್.ನಲ್ಲಿ ಒಂದೂವರೆ ಕೋಟಿಗೂ ಮೇಲೆ ಇರಬೇಕಾದಲ್ಲಿ ಇದ್ದದ್ದು ಮೂವತ್ತು ಲಕ್ಷ. ಅದರಲ್ಲೂ ನೆಟ್ಟಗೆ ಈಜುವವು ಕಮ್ಮಿ. ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿದರೂ ಅಷ್ಟೇ ಬಂತು. ಮೂವತ್ತು ಲಕ್ಷ ಇದೆಯಲ್ಲ ಡಾಕ್ಟರೇ, ಬೇಕಾದ್ದು ಒಂದೇ ತಾನೇ ಎಂದು ಕತ್ತರಿ ಚೌಕಾಸಿ ಮಾಡಿದ. ಡಾಕ್ಟರಮ್ಮ ನಗಲಿಲ್ಲ. ಹಾಳೆಯೊಂದರ ಮೇಲೆ ಮೂರು ಚಿತ್ರ ಬರೆದರು.

"ಮೊದಲನೇದು, ತೊಳೆದ ವೀರ್ಯವನ್ನ ಗರ್ಭದೊಳಗೆ ಬಿಡೋದು. ಬಸ್ಸಲ್ಲಿ ಕರ್ಕೊಂಡು ಹೋಗಿ ಸ್ಟಾಪಲ್ಲಿ ಇಳಿಸಿದ ಹಾಗೆ, ಮುಂದಿನ ದಾರಿ ಅವೇ ನಡೀಬೇಕು. ಎರಡನೇದು ಐವಿಎಫ್. ಹೊರಗೆ ಒಂದೇ ತಟ್ಟೇಲಿ ಅಂಡಾಣುನೂ ವೀರ್ಯಾಣುಗಳನ್ನೂ ಬಿಟ್ಟು ಬಾಗಿಲು ಹಾಕೋದು. ಮೂರನೇದು ಇಕ್ಸಿ. ಚೆನ್ನಾಗಿರೋ ಒಂದನ್ನ ಸೂಜೀಲಿ ಎತ್ತಿ ಅಂಡಾಣು ಒಳಗೇ ಕೂರಿಸಿ ಬರೋದು. ನಿಮ್ಮ ಲೆಕ್ಕಕ್ಕೆ ಮೂರನೇದು. ಮೊದಲನೇದನ್ನ ಆರು ಸಲ ಮಾಡಿ ಇವರ ಒಂದು ವರ್ಷ ಕಳೆಯೋದ್ರಲ್ಲಿ ಅರ್ಥ ಇಲ್ಲ."

ಈ ರಿಪೋರ್ಟು ಇಲ್ಲದೇ ಹೋಗಿದ್ದರೆ ಎಂದು ಇನ್ಸ್‌ಪೆಕ್ಟರಮ್ಮ ಕೇಳಿದಳು. ಆ ಒಂದು ವರ್ಷ ಹೋಗುತ್ತಿತ್ತು ಎಂದರು ಡಾಕ್ಟರಮ್ಮ. ಗಂಡ ಹೆಂಡತಿ ಮೆಟ್ಟಿಲಿಳಿದು ಕನ್ನಡಕದ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರು. ಹಾಳಾಗದೆ ಉಳಿದ ಆ ವರ್ಷವನ್ನು ನೆನೆದು ಕತ್ತರಿಗೆ ಪೋಸ್ಟ್ ಮಾಸ್ತರ ಮೇಲೆ, ದನದ ಡಾಕ್ಟರ ಮೇಲೆ, ಇಲ್ಲದ ಷಡ್ಡಕನ ಮೇಲೆ ಕೂಡ ಪ್ರೀತಿ ಉಕ್ಕಿ ಬಂತು.

ಇಂಜೆಕ್ಷನ್ ಶುರುವಾದವು. ಹತ್ತು ದಿನ, ದಿನಾ ಒಂದೇ ಹೊತ್ತಿಗೆ, ಹೊಕ್ಕುಳ ಪಕ್ಕಕ್ಕೆ. ನರ್ಸ್ ಬೇಡ, ನಾನೇ ಕೊಡುತ್ತೇನೆ ಎಂದ ಕತ್ತರಿ. ಸಾವಿರಾರು ಗಂಟಲಿನ ಮೇಲೆ ಕತ್ತಿ ಆಡಿಸಿದ ಕೈ ಮೊದಲ ದಿನ ಆ ಸಣ್ಣ ಸೂಜಿಯನ್ನು ಮೂರು ಸಲ ಎತ್ತಿ ಮೂರು ಸಲ ಕೆಳಗಿಟ್ಟಿತು. ಕೊನೆಗೆ ಅವಳ ಹೊಟ್ಟೆಗೆ ಸ್ಪಿರಿಟ್ ಸವರುವ ಮೊದಲು ಅಭ್ಯಾಸಬಲದಿಂದ, "ತಲೆ ಸ್ವಲ್ಪ ನೆಟ್ಟಗಿಟ್ಕೊಳ್ಳಿ ಸಾರ್" ಅಂದುಬಿಟ್ಟ. ಅವಳು ನಕ್ಕಳು. ತಿಂಗಳುಗಳ ನಂತರ ಆ ಮನೆಯಲ್ಲಿ ಕೇಳಿದ ನಗು. ಆ ನಗುವಿನ ಮಧ್ಯದಲ್ಲೇ ಸೂಜಿ ಹೋಗಿ ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ.

ಒಂಬತ್ತು ಅಂಡಾಣು ಸಿಕ್ಕವು. ಏಳು ಬಲಿತಿದ್ದವು, ಐದು ಫಲಿಸಿದವು, ಐದನೆಯ ದಿನದವರೆಗೆ ಉಳಿದದ್ದು ಎರಡು. ಲ್ಯಾಬಿನವರು ದಿನಾ ಬೆಳಿಗ್ಗೆ ಫೋನ್ ಮಾಡಿ ಇಳಿಯುತ್ತಿದ್ದ ಸಂಖ್ಯೆಯನ್ನು ಸಿಹಿ ಸವರದೆ ಹೇಳುತ್ತಿದ್ದರು. ಮೊದಲ ಭ್ರೂಣವನ್ನು ಇಟ್ಟರು. ನಿಲ್ಲಲಿಲ್ಲ.

ಆ ಸುದ್ದಿ ಬಂದ ಮಾರನೆಯ ದಿನ ಕತ್ತರಿ ಅಂಗಡಿ ತೆಗೆದ. ಪೋಸ್ಟ್ ಮಾಸ್ತರು ಎಂದಿನಂತೆ ಬಂದು ಕೂತು, ಗದ್ದ ಎತ್ತಿಕೊಟ್ಟು, ನಿನ್ನ ಷಡ್ಡಕನ ಕಥೆ ಎಲ್ಲಿಗೆ ಬಂತು ಎಂದರು.

ಕತ್ತರಿ ಕತ್ತಿಯನ್ನು ಕೆಳಗಿಟ್ಟ. "ಒಂದು ಸಲ ಇಟ್ಟಿದ್ದು ಆಗಲಿಲ್ಲ ಸಾರ್. ಇನ್ನೊಂದು ಉಳಿದಿದೆ," ಅಂದ. ಆಮೇಲೆ ಕುರ್ಚಿಯನ್ನೇ ತಿರುಗಿಸಿ, ಕನ್ನಡಿ ಬಿಟ್ಟು ಅವರ ಮುಖ ನೋಡಿ ಹೇಳಿದ: "ಷಡ್ಡಕ ಇಲ್ಲ ಸಾರ್. ಅದು ನಾನೇ."

ಬೆಂಚಿನ ಮೇಲೆ ಪೇಪರ್ ಮಡಚಿದ ಸದ್ದಾಯಿತು. ಪೋಸ್ಟ್ ಮಾಸ್ತರು ಅರ್ಧ ನೊರೆಯ ಮುಖದಲ್ಲಿ ಅವನನ್ನೇ ನೋಡಿದರು.

"ಹಾಗಾದ್ರೆ ನಾನು ಹೇಡಿ ಅಂದಿದ್ದು?"

"ನನಗೇ ಸಾರ್."

"ಕಳ್ಳ ಅಂದಿದ್ದು?"

"ಅದೂ ನನಗೇ. ನೀವು ಅಷ್ಟು ಚೆನ್ನಾಗಿ ಬೈದೇ ಇದ್ದಿದ್ರೆ ನಾನು ಇನ್ನೂ ಬೀರು ಹುಡುಕ್ತಾ ಇರ್ತಿದ್ದೆ. ನಿಮ್ಮ ಉಪಕಾರ ಮರೆಯಲ್ಲ."

ಪೋಸ್ಟ್ ಮಾಸ್ತರು ಮೂಗಿನ ಮೇಲಿನ ನೊರೆ ಒರೆಸಿಕೊಂಡರು. ಬೈಗುಳಕ್ಕೆ ಥ್ಯಾಂಕ್ಸ್ ಪಡೆದು ಅವರಿಗೆ ಅಭ್ಯಾಸವಿರಲಿಲ್ಲ. ಗೊತ್ತಿದ್ದರೆ ಇನ್ನೂ ನಾಲ್ಕು ಸೇರಿಸಿ ಬೈಯುತ್ತಿದ್ದೆ ಎಂದು ಗೊಣಗಿ, ಅವನ ಕೈ ಹಿಡಿದುಕೊಂಡರು. ದನದ ಡಾಕ್ಟರು ಒಂದೇ ಮಾತು ಕೇಳಿದರು, ಎಷ್ಟು ಕೌಂಟು ಎಂದು. ಮೂವತ್ತು ಲಕ್ಷ ಎಂದ. ಸಾಲದು, ಆದರೆ ನಾಚಿಕೆ ಪಡುವಂಥದ್ದಲ್ಲ ಎಂದರು. ಬಸ್ ಡ್ರೈವರ್ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. ಹಾಗಾದರೆ ಆ ದಿನ ಬಸ್ಸಿನಲ್ಲಿ ಮೀಸೆ ಹೊತ್ತು ಕೂತಿದ್ದವನು ಯಾರು ಎಂಬುದು ಅವನ ಪ್ರಶ್ನೆ.

ಅವತ್ತಿನಿಂದ ಆ ಬೆಂಚು ಸುಳ್ಳಿಲ್ಲದೆ ಕತ್ತರಿಯ ಬೆನ್ನಿಗೆ ನಿಂತಿತು. ಎರಡನೆಯ ಭ್ರೂಣ ಇಡುವ ದಿನ ಅಂಗಡಿ ಮುಚ್ಚಬೇಡ, ಗಿರಾಕಿ ತಪ್ಪುತ್ತಾರೆ ಎಂದು ಪೋಸ್ಟ್ ಮಾಸ್ತರೇ ಬಾಗಿಲಲ್ಲಿ ಕೂತರು. ಬಂದವರಿಗೆಲ್ಲ ಟೋಕನ್ ಬರೆದುಕೊಟ್ಟು, ಸಂಜೆ ಕತ್ತರಿ ಬರುವ ಹೊತ್ತಿಗೆ ನಲವತ್ತು ಜನರನ್ನು ಸಾಲಾಗಿ ನಿಲ್ಲಿಸಿದ್ದರು. ಅವರಲ್ಲಿ ಹನ್ನೊಂದು ಜನ ಬಸ್ಸಿಗೆ ಕಾಯುತ್ತಿದ್ದವರು, ಏನೆಂದು ತಿಳಿಯದೆ ಸಾಲಿನಲ್ಲಿ ನಿಂತು ತಲೆ ಬೋಳಿಸಿಕೊಂಡು ಹೋದರು.

ಎರಡನೆಯದು ನಿಂತಿತು. ಪಾಸಿಟಿವ್ ಬಂದ ದಿನ ಡಾಕ್ಟರಮ್ಮ ಇನ್ನೂ ಖುಷಿಪಡಬೇಡಿ ಎಂದಿದ್ದರು. ಏಳನೆಯ ವಾರ ಸ್ಕ್ಯಾನಿನಲ್ಲಿ ಅಕ್ಕಿಕಾಳಿನಷ್ಟು ಏನೋ ಮಿಣಮಿಣ ಮಿಡಿಯುತ್ತಿರುವುದನ್ನು ತೋರಿಸಿ, ಈಗ ಸ್ವಲ್ಪ ಖುಷಿಪಡಿ ಎಂದರು. ಕತ್ತರಿ ಡಾಕ್ಟರಮ್ಮನಿಗೂ, ಸ್ಕ್ಯಾನಿನ ನರ್ಸಿಗೂ, ಸ್ಕ್ಯಾನಿನ ಯಂತ್ರಕ್ಕೂ ಕೈ ಮುಗಿದ.

ಮೆಟ್ಟಿಲಿಳಿಯುವಾಗ ನಡುವೆ ಹೆಂಡತಿ ನಿಂತಳು. ಒಂದು ಕೈ ಗೋಡೆಗೆ, ಇನ್ನೊಂದು ಅವನ ತೋಳಿಗೆ.

"ಒಂದು ಮಾತು ಕೇಳ್ತೀನಿ," ಅಂದಳು. "ಇನ್ನೇನಾದ್ರೂ ನನ್ನ ಹತ್ರ ಮುಚ್ಚಿಟ್ಟಿದ್ದೀರಾ?"

"ಇಲ್ಲ."

"ಯೋಚನೆ ಮಾಡಿ ಹೇಳಿ."

ಕತ್ತರಿ ಯೋಚಿಸಿದ. ನಾಲ್ಕು ಮೆಟ್ಟಿಲು ಇಳಿಯುವವರೆಗೆ ಯೋಚಿಸಿದ. ಐದನೆಯ ಮೆಟ್ಟಿಲಲ್ಲಿ ನಿಂತ.

"ನಿನ್ನ ತಲೆ ಹಿಂದೆ ಬಿಳಿ ಕೂದಲು ಬಂದಿದೆಯಾ ಅಂತ ಕೇಳ್ದಾಗೆಲ್ಲ ಒಂದೂ ಇಲ್ಲ ಅಂತಿದ್ನಲ್ಲ."

"ಹೂಂ."

"ಹತ್ತೊಂಬತ್ತಿದೆ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತಪ್ಪು ತಕ್ಕಡಿಗಳನ್ನು ಅವಳು ನೋಡುವ ನೋಟ ಅದಲ್ಲ, ಅದು ಬೇರೆ.

"ಎಣಿಸಿದ್ದೀರಾ?"

"ನೀನು ನಿದ್ದೆ ಮಾಡುವಾಗ. ಎರಡು ಸಲ."

ಹೆಂಡತಿ ಅಲ್ಲೇ ಮೆಟ್ಟಿಲ ಮೇಲೆ ಕೂತು ನಗತೊಡಗಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿ, ಕೂತ್ಕೊಳ್ಳಿ ಎಂದು ಗಂಡನಿಗೂ ಜಾಗ ಮಾಡಿಕೊಟ್ಟಳು.